ಪೆಟ್ಟು ತಿಂದೂ ಮರಳಿ ಬಂದ ‘ಮಾರುತ್’: ನೆಲದಾಳಿ ವಿಮಾನಗಳ ಗಟ್ಟಿತನಕ್ಕೆ ಬೆಂಗಳೂರಿನ ಸಾಕ್ಷಿ

ಬೆಂಗಳೂರು: ಯುದ್ಧ ವಿಮಾನವೆಂದೊಡನೆ ಜನಸಾಮಾನ್ಯರ ಮನಸ್ಸಿಗೆ ಮೊದಲು ಬರುವುದು ವೇಗ. ಶಬ್ದಕ್ಕಿಂತ ಎಷ್ಟು ಪಟ್ಟು ವೇಗವಾಗಿ ಹಾರುತ್ತದೆ, ಎಷ್ಟು ಎತ್ತರಕ್ಕೆ ಏರುತ್ತದೆ ಎಂಬ ಲೆಕ್ಕದಲ್ಲೇ ವಿಮಾನದ ಹಿರಿಮೆಯನ್ನು ಅಳೆಯುವುದು ವಾಡಿಕೆ. ಆದರೆ ಕಂದಕದಲ್ಲಿ ಕುಳಿತು ಶತ್ರು ಟ್ಯಾಂಕುಗಳ ಸದ್ದು ಆಲಿಸುವ ಕಾಲಾಳು ಯೋಧನ ಅಳತೆಗೋಲೇ ಬೇರೆ. ಆತನಿಗೆ ಬೇಕಾದುದು ಕರೆದಾಗ ಬರುವ, ಗುರಿ ಕಾಣುವಷ್ಟು ತಗ್ಗಿನಲ್ಲಿ ಹಾರುವ, ಗುಂಡೇಟು ತಿಂದರೂ ನೆಲೆಗೆ ಮರಳಿ ಮರುದಿನ ಮತ್ತೆ ಬರಬಲ್ಲ ವಿಮಾನ.

ಇಂತಹ ವಿಮಾನಗಳಿಗೆ ನೆಲದಾಳಿ ವಿಮಾನಗಳೆಂದು ಹೆಸರು. ಭೂಸೇನೆಯ ತೀರ ಸಮೀಪದಲ್ಲಿರುವ ಶತ್ರುವಿನ ಮೇಲೆ ಅವು ನಡೆಸುವ ದಾಳಿಯೇ ‘ನಿಕಟ ವೈಮಾನಿಕ ಬೆಂಬಲ’. ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್ (ಎಚ್‌ಎಎಲ್) ನಿರ್ಮಿಸಿದ ಎಚ್‌ಎಫ್-24 ‘ಮಾರುತ್’ ಈ ವರ್ಗದ ಬೆಲೆಯನ್ನು ಮನಗಾಣಿಸಿದ ವಿಮಾನ. ವೇಗದ ಪರೀಕ್ಷೆಯಲ್ಲಿ ಹಿಂದೆ ಬಿದ್ದ ಅದೇ ವಿಮಾನ, 1971ರ ಯುದ್ಧದಲ್ಲಿ ಗಟ್ಟಿತನದ ಪರೀಕ್ಷೆಯಲ್ಲಿ ಉತ್ತೀರ್ಣವಾಯಿತು ಎಂಬುದು ಗಮನಾರ್ಹ.

ಎರಡು ಪಟ್ಟು ವೇಗದ ಕನಸು

ಮಾರುತ್‌ನ ಮುಖ್ಯ ವಿನ್ಯಾಸಕ ಜರ್ಮನಿಯ ಕುರ್ಟ್ ಟ್ಯಾಂಕ್. ಎರಡನೇ ಮಹಾಯುದ್ಧದ ಖ್ಯಾತ ಫಾಕ್‌ವುಲ್ಫ್-190 ಯುದ್ಧ ವಿಮಾನವನ್ನು ರೂಪಿಸಿದ ಈತ 1956ರಲ್ಲಿ ಬೆಂಗಳೂರಿಗೆ ಬಂದು, ಎಚ್‌ಎಎಲ್‌ನ ಭಾರತೀಯ ಎಂಜಿನಿಯರುಗಳೊಡನೆ ಕೆಲಸ ಆರಂಭಿಸಿದರು. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ಸ್ವದೇಶಿ ಯುದ್ಧ ವಿಮಾನ ನಿರ್ಮಿಸುವುದು ಗುರಿಯಾಗಿತ್ತು. ಮೊದಲಿಗೆ ಅದೇ ಅಳತೆಯ, ಎಂಜಿನ್ ಇಲ್ಲದ ಗ್ಲೈಡರ್ ತಯಾರಿಸಿ, ಡಕೋಟ ವಿಮಾನದಿಂದ ಎಳೆಸಿ ಪರೀಕ್ಷಿಸಲಾಯಿತು. 1961ರ ಜೂನ್ 17ರಂದು ಮೊದಲ ಮಾರುತ್ ಬೆಂಗಳೂರಿನ ಆಗಸಕ್ಕೇರಿತು. ಹಾರಿಸಿದವರು ಪರೀಕ್ಷಾ ಪೈಲಟ್ ಸುರಂಜನ್ ದಾಸ್.

ಅಡ್ಡಿ ಬಂದುದು ಎಂಜಿನ್. ವಿನ್ಯಾಸಕಾರರು ನೆಚ್ಚಿಕೊಂಡಿದ್ದ ಹೆಚ್ಚು ಶಕ್ತಿಯ ಆರ್ಫಿಯಸ್ ಎಂಜಿನ್‌ನ ಅಭಿವೃದ್ಧಿ ಬ್ರಿಟನ್ನಿನಲ್ಲಿ ಸ್ಥಗಿತಗೊಂಡಿತು. ಅನ್ಯ ದೇಶಗಳ ಎಂಜಿನ್‌ಗಳನ್ನು ಹೊಂದಿಸುವ ಯತ್ನಗಳು ಕೈಗೂಡಲಿಲ್ಲ. ಈಜಿಪ್ಟ್ ಅಭಿವೃದ್ಧಿಪಡಿಸುತ್ತಿದ್ದ ಎಂಜಿನ್ನನ್ನು ಮಾರುತ್‌ಗೆ ಜೋಡಿಸಿ ಪರೀಕ್ಷಿಸಿದ ಪ್ರಯೋಗವೂ ಫಲ ಕೊಡಲಿಲ್ಲ. ಕೊನೆಗೆ ಕಡಿಮೆ ಶಕ್ತಿಯ ಎರಡು ಆರ್ಫಿಯಸ್-703 ಎಂಜಿನ್‌ಗಳೊಂದಿಗೇ ವಿಮಾನವನ್ನು ಸೇವೆಗೆ ಒಪ್ಪಿಸಬೇಕಾಯಿತು. ಶಬ್ದದ ವೇಗವನ್ನು ಸಮೀಪಿಸುವುದೇ ಅದರ ಮಿತಿಯಾಯಿತು.

ಎಂಜಿನ್‌ನ ಕೊರತೆ ತುಂಬುವ ಹಾದಿಯಲ್ಲಿ ಪ್ರಾಣಹಾನಿಯೂ ಸಂಭವಿಸಿತು. ಹೆಚ್ಚುವರಿ ನೂಕುಬಲಕ್ಕಾಗಿ ಮಾರ್ಪಡಿಸಿದ ಮಾರುತ್ 1970ರ ಜನವರಿ 10ರಂದು ಬೆಂಗಳೂರಿನಲ್ಲಿ ಅಪಘಾತಕ್ಕೀಡಾಗಿ ಸುರಂಜನ್ ದಾಸ್ ಮೃತಪಟ್ಟರು. ಎಚ್‌ಎಎಲ್ ಸಮೀಪದ ಸುರಂಜನ್ ದಾಸ್ ರಸ್ತೆ ಅವರ ಹೆಸರನ್ನೇ ಹೊತ್ತಿದೆ. ದಿನವೂ ಆ ರಸ್ತೆಯಲ್ಲಿ ಸಾಗುವ ಸಾವಿರಾರು ಮಂದಿಯಲ್ಲಿ ಆ ಹೆಸರಿನ ಹಿನ್ನೆಲೆ ಬಲ್ಲವರು ವಿರಳ.

ಕರೆ ಬಂದಾಗ ನಡೆಯುವುದೇನು?

ನಿಕಟ ಬೆಂಬಲದ ಕಾರ್ಯಾಚರಣೆ ಹೊರನೋಟಕ್ಕೆ ಸರಳ. ಆಚರಣೆಯಲ್ಲಿ ಅತ್ಯಂತ ಕಠಿಣ. ಮುಂಚೂಣಿಯಲ್ಲಿರುವ ಪಡೆಯ ಜತೆ ವಿಮಾನಕ್ಕೆ ದಾರಿ ತೋರುವ ಅಧಿಕಾರಿಯೊಬ್ಬರು ಇರುತ್ತಾರೆ. ಸ್ವಂತ ಪಡೆ ಎಲ್ಲಿದೆ, ಶತ್ರು ಎಲ್ಲಿದ್ದಾನೆ, ಯಾವ ದಿಕ್ಕಿನಿಂದ ಬರಬೇಕು ಎಂಬುದನ್ನು ಅವರು ರೇಡಿಯೊ ಮೂಲಕ ಪೈಲಟ್‌ಗೆ ತಿಳಿಸುತ್ತಾರೆ. ಎರಡು ಪಡೆಗಳ ನಡುವಣ ಅಂತರ ಕೆಲವೊಮ್ಮೆ ಕೆಲವು ನೂರು ಮೀಟರ್ ಮಾತ್ರ. ಗಂಟೆಗೆ 800 ಕಿ.ಮೀ. ವೇಗದ ವಿಮಾನ ಒಂದು ಸೆಕೆಂಡಿಗೆ 220 ಮೀಟರಿಗೂ ಹೆಚ್ಚು ದೂರ ಸಾಗುತ್ತದೆ. ಕ್ಷಣಮಾತ್ರದ ತಪ್ಪಾದರೂ ಬಾಂಬು ಬೀಳುವುದು ಸ್ವಂತ ಸೈನಿಕರ ತಲೆಯ ಮೇಲೆ.

ಆದ್ದರಿಂದ ಪೈಲಟ್ ತಗ್ಗಿನಲ್ಲಿ ಹಾರಬೇಕು, ಗುರಿಯನ್ನು ಕಣ್ಣಾರೆ ಕಾಣಬೇಕು, ಹಲವು ಬಾರಿ ಒಂದೇ ಸ್ಥಳಕ್ಕೆ ಎರಡು ಮೂರು ಸುತ್ತು ಬರಬೇಕು. ಅಷ್ಟು ತಗ್ಗಿಗೆ ಇಳಿದ ವಿಮಾನಕ್ಕೆ ವಿಮಾನನಿರೋಧಕ ಫಿರಂಗಿ ಮಾತ್ರವಲ್ಲ, ಸಾಮಾನ್ಯ ಮೆಷಿನ್ ಗನ್ ಕೂಡ ಅಪಾಯವೇ. ನೆಲದಾಳಿ ವಿಮಾನಕ್ಕೆ ಗುಂಡು ತಗಲುವುದು ಆಕಸ್ಮಿಕವಲ್ಲ, ಬಹುಪಾಲು ಖಚಿತ. ತಗಲಿದ ಬಳಿಕ ವಿಮಾನ ಏನಾಗುತ್ತದೆ ಎಂಬುದೇ ವಿನ್ಯಾಸಕಾರನ ಮುಂದಿರುವ ಪ್ರಶ್ನೆ.

ಮರುಭೂಮಿಯಲ್ಲಿ ಎರಡು ವಾರ

1971ರ ಡಿಸೆಂಬರ್‌ನಲ್ಲಿ ಪಾಕಿಸ್ತಾನದೊಂದಿಗೆ ಯುದ್ಧ ಆರಂಭವಾದಾಗ ವಾಯುಪಡೆಯ 10 ಮತ್ತು 220ನೇ ಸ್ಕ್ವಾಡ್ರನ್‌ಗಳು ಮಾರುತ್ ಹಾರಿಸುತ್ತಿದ್ದವು. ರಾಜಸ್ತಾನದ ಜೋಧಪುರ ಮತ್ತು ಉತ್ತರಲಾಯಿ ಅವುಗಳ ನೆಲೆಗಳಾಗಿದ್ದವು. ನಿಕಟ ಬೆಂಬಲದ ಮಹತ್ವವನ್ನು ದೇಶಕ್ಕೆ ಸಾರಿ ಹೇಳಿದ ಘಟನೆ ನಡೆದುದೂ ಅದೇ ಮರುಭೂಮಿಯಲ್ಲಿ. ಡಿಸೆಂಬರ್ 4ರ ರಾತ್ರಿ ಲೋಂಗೇವಾಲಾ ಠಾಣೆಯನ್ನು ಪಾಕ್ ಟ್ಯಾಂಕುಗಳು ಮುತ್ತಿದಾಗ ಅಲ್ಲಿದ್ದವರು ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ ನೇತೃತ್ವದ ಸುಮಾರು 120 ಯೋಧರು. ಕತ್ತಲಲ್ಲಿ ದಾಳಿ ಮಾಡುವ ಸಾಧನ ವಿಮಾನಗಳಲ್ಲಿ ಇರಲಿಲ್ಲ. ಯೋಧರು ಬೆಳಗಿನವರೆಗೆ ಠಾಣೆಯನ್ನು ಹಿಡಿದಿಟ್ಟರು. ಬೆಳಕು ಮೂಡುತ್ತಲೇ ಜೈಸಲ್ಮೇರ್‌ನಿಂದ ಬಂದ ಹಂಟರ್ ವಿಮಾನಗಳು ಬಯಲಲ್ಲಿ ಮರೆಯಿಲ್ಲದೆ ನಿಂತಿದ್ದ ಟ್ಯಾಂಕುಗಳನ್ನು ಒಂದೊಂದಾಗಿ ಹೊಡೆದುರುಳಿಸಿದವು. ಮಾರುತ್‌ಗಳೂ ಈ ಕಾರ್ಯಾಚರಣೆಯಲ್ಲಿ ಕೈಜೋಡಿಸಿದವು.

ಎರಡು ವಾರಗಳ ಯುದ್ಧದಲ್ಲಿ ಮಾರುತ್‌ಗಳು 300ಕ್ಕೂ ಹೆಚ್ಚು ಬಾರಿ ಯುದ್ಧ ಹಾರಾಟ ನಡೆಸಿದವು. ಬಹುಪಾಲು ಹಾರಾಟಗಳು ತಗ್ಗಿನಲ್ಲಿ, ನೆಲದಿಂದ ಬರುವ ತೀವ್ರ ಗುಂಡಿನ ನಡುವೆಯೇ ನಡೆದವು. ಕನಿಷ್ಠ ಮೂರು ಪ್ರಸಂಗಗಳಲ್ಲಿ, ಗುಂಡೇಟಿಗೆ ಒಂದು ಎಂಜಿನ್ ಕಳೆದುಕೊಂಡ ಮಾರುತ್ ಮತ್ತೊಂದರ ಬಲದಿಂದ ನೆಲೆಗೆ ಮರಳಿತು. ಇವುಗಳಲ್ಲೊಂದು ಶತ್ರುನೆಲದ ಸುಮಾರು 240 ಕಿ.ಮೀ. ಒಳಗಿನಿಂದ, ಬೆಂಗಾವಲಿಲ್ಲದೆ ಏಕಾಂಗಿಯಾಗಿ ಹಿಂದಿರುಗಿತು. ಇನ್ನೊಂದು ಪ್ರಸಂಗದಲ್ಲಿ ಪೈಲಟ್ ವಾಹನಗಳ ಸಾಲಿನ ಮೇಲೆ ಗುಂಡು ಹಾರಿಸುತ್ತಿದ್ದಾಗ, ಸ್ಫೋಟದಿಂದ ಮೇಲೆದ್ದ ಅವಶೇಷಗಳೇ ವಿಮಾನದ ಹಿಂಭಾಗಕ್ಕೆ ಬಡಿದು ಒಂದು ಎಂಜಿನ್ ನಿಂತಿತು. ಆ ವಿಮಾನವೂ ಸುರಕ್ಷಿತವಾಗಿ ಮರಳಿತು.

ಎರಡು ಎಂಜಿನ್‌ಗಳಷ್ಟೇ ನೆರವಾದ ಇನ್ನೊಂದು ಏರ್ಪಾಡೂ ಮಾರುತ್‌ನಲ್ಲಿತ್ತು. ವೇಗದ ವಿಮಾನಗಳ ರೆಕ್ಕೆ ಮತ್ತು ಬಾಲದ ಚಲಿಸುವ ಭಾಗಗಳನ್ನು ನಡೆಸುವುದು ಹೈಡ್ರಾಲಿಕ್ ಒತ್ತಡ. ಕೊಳವೆಗೆ ಗುಂಡು ತಗಲಿ ಎಣ್ಣೆ ಸೋರಿದರೆ ಆ ವ್ಯವಸ್ಥೆ ಕೈಕೊಡುತ್ತದೆ. ಮಾರುತ್‌ನಲ್ಲಿ ಹೀಗಾದಾಗ ನಿಯಂತ್ರಣವು ತಾನಾಗಿಯೇ ಯಾಂತ್ರಿಕ ಜೋಡಣೆಗೆ ಮರಳುತ್ತಿತ್ತು. ಪೈಲಟ್ ತನ್ನ ತೋಳ್ಬಲದಿಂದಲೇ ವಿಮಾನ ನಡೆಸಬಹುದಿತ್ತು. ಹೀಗೆ ಕೈಬಲದಿಂದ ಹಿಂದಿರುಗಿದ ನಿದರ್ಶನಗಳೂ ಆ ಯುದ್ಧದಲ್ಲಿ ಹಲವಾರು.

ಮೂರು ಮಾರುತ್‌ಗಳು ನೆಲದ ಗುಂಡಿಗೆ ಬಲಿಯಾದವು. ನೆಲೆಯಲ್ಲಿದ್ದಾಗಲೂ ನಷ್ಟ ಸಂಭವಿಸಿತು. ಆದರೆ ಆಕಾಶ ಕಾಳಗದಲ್ಲಿ ಒಂದೂ ನಷ್ಟವಾಗಲಿಲ್ಲ. ಬದಲಾಗಿ ಡಿಸೆಂಬರ್ 7ರಂದು 220ನೇ ಸ್ಕ್ವಾಡ್ರನ್‌ನ ಕೆ.ಕೆ. ಬಕ್ಷಿ ಪಾಕ್‌ನ ಸೇಬರ್ ವಿಮಾನವೊಂದನ್ನು ಹೊಡೆದುರುಳಿಸಿದರೆಂದು ದಾಖಲಾಗಿದೆ. ಮಾರುತ್ ಪೈಲಟ್‌ಗಳಿಗೆ ಮೂರು ವೀರಚಕ್ರಗಳು ಸಂದವು.

ಮಾರುತ್ ದೋಷಮುಕ್ತವಾಗಿರಲಿಲ್ಲ. ಮೂಗಿನ ಭಾಗದ ನಾಲ್ಕೂ ಫಿರಂಗಿಗಳನ್ನು ಏಕಕಾಲಕ್ಕೆ ಹಾರಿಸಿದರೆ ವಿಪರೀತ ಕಂಪನ ಉಂಟಾಗುತ್ತಿದ್ದುದರಿಂದ ಹಲವು ವೇಳೆ ಎರಡನ್ನು ಮಾತ್ರ ಬಳಸಲಾಗುತ್ತಿತ್ತು. ತಕ್ಕ ಎಂಜಿನ್ ಕೊನೆಗೂ ದೊರೆಯಲಿಲ್ಲ. 147 ವಿಮಾನಗಳ ಬಳಿಕ ಉತ್ಪಾದನೆ ನಿಂತಿತು. 1979ರಿಂದ ಜಾಗ್ವಾರ್ ವಿಮಾನಗಳು ಬರತೊಡಗಿ, 1980ರ ದಶಕದಲ್ಲಿ ಮಾರುತ್ ಹಂತಹಂತವಾಗಿ ತೆರೆಮರೆಗೆ ಸರಿಯಿತು.

ಹೊರದೇಶಗಳ ಪಾಠ

ಪೆಟ್ಟು ತಾಳುವ ವಿಮಾನದ ಕಲ್ಪನೆ ಹಳೆಯದು. ಎರಡನೇ ಮಹಾಯುದ್ಧದಲ್ಲಿ ಸೋವಿಯತ್ ಒಕ್ಕೂಟ ಸುಮಾರು 36 ಸಾವಿರದಷ್ಟು ನಿರ್ಮಿಸಿದ ಇಲ್-2 ವಿಮಾನದಲ್ಲಿ ಎಂಜಿನ್ ಮತ್ತು ಪೈಲಟ್‌ನನ್ನು ಸುತ್ತುವರಿದ ಉಕ್ಕಿನ ಕವಚವೇ ವಿಮಾನದ ಮುಂಭಾಗದ ಒಡಲೂ ಆಗಿತ್ತು.

1972ರಲ್ಲಿ ಮೊದಲ ಬಾರಿ ಹಾರಿದ ಅಮೆರಿಕದ ಎ-10 ಈ ತತ್ವವನ್ನು ಇನ್ನಷ್ಟು ಮುಂದಕ್ಕೊಯ್ದಿತು. ಪೈಲಟ್ ಕೂರುವುದು ಸುಮಾರು 540 ಕಿಲೊ ತೂಕದ ಟೈಟಾನಿಯಂ ತೊಟ್ಟಿಯಲ್ಲಿ. ಎರಡು ಎಂಜಿನ್‌ಗಳನ್ನು ಒಡಲಿನ ಮೇಲೆ, ಪರಸ್ಪರ ದೂರದಲ್ಲಿ ಜೋಡಿಸಲಾಗಿದೆ. ಒಂದಕ್ಕೆ ತಗಲಿದ ಪೆಟ್ಟು ಇನ್ನೊಂದನ್ನು ಮುಟ್ಟಬಾರದೆಂಬುದು ಉದ್ದೇಶ. 2003ರ ಏಪ್ರಿಲ್ 7ರಂದು ಬಾಗ್ದಾದ್ ಮೇಲೆ ಪೆಟ್ಟು ತಿಂದು ಹೈಡ್ರಾಲಿಕ್ ವ್ಯವಸ್ಥೆ ಕಳೆದುಕೊಂಡ ಎ-10 ಅನ್ನು ಪೈಲಟ್ ಕಿಮ್ ಕ್ಯಾಂಪ್‌ಬೆಲ್ ಯಾಂತ್ರಿಕ ನಿಯಂತ್ರಣದಿಂದಲೇ ನೆಲೆಗೆ ತಂದರು. ಮೂರು ದಶಕಗಳ ಹಿಂದೆ ರಾಜಸ್ತಾನದಲ್ಲಿ ಮಾರುತ್ ಪೈಲಟ್‌ಗಳನ್ನು ಉಳಿಸಿದ್ದೂ ಇದೇ ಬಗೆಯ ಏರ್ಪಾಡು.

ಸೋವಿಯತ್‌ನ ಸುಖೋಯ್-25 ಪಾಠ ಕಲಿತದ್ದು ಅಫ್ಘಾನಿಸ್ತಾನದಲ್ಲಿ. 1986ರಲ್ಲಿ ಭುಜದ ಮೇಲಿಟ್ಟು ಹಾರಿಸುವ ಸ್ಟಿಂಗರ್ ಕ್ಷಿಪಣಿ ಬಂದ ಬಳಿಕ ವಿಮಾನದ ಎರಡು ಎಂಜಿನ್‌ಗಳ ನಡುವೆ ರಕ್ಷಾ ಫಲಕ ಅಳವಡಿಸಬೇಕಾಯಿತು. ಕ್ಷಿಪಣಿಯ ದಾರಿ ತಪ್ಪಿಸುವ ಬೆಂಕಿಯುಂಡೆಗಳ ಸಂಖ್ಯೆಯನ್ನೂ ಹೆಚ್ಚಿಸಲಾಯಿತು.

ಕಾರ್ಗಿಲ್ ತೆರೆದ ಕಣ್ಣು

ಅದೇ ಸ್ಟಿಂಗರ್ 1999ರಲ್ಲಿ ಕಾರ್ಗಿಲ್‌ನಲ್ಲೂ ಎದುರಾಯಿತು. ಮೇ 26ರಂದು ವಾಯುಪಡೆಯ ದಾಳಿ ಆರಂಭವಾಯಿತು. ಮರುದಿನವೇ ಒಂದೇ ಎಂಜಿನ್ನಿನ ಮಿಗ್-27 ಎತ್ತರದಲ್ಲಿ ಎಂಜಿನ್ ಆರಿಹೋಗಿ ಪತನವಾಯಿತು. ಅದರ ಪೈಲಟ್ ನಚಿಕೇತ ಸೆರೆಸಿಕ್ಕರು. ಅವರನ್ನು ಅರಸುತ್ತಿದ್ದ ಅಜಯ್ ಅಹುಜಾ ಅವರ ಮಿಗ್-21 ಕ್ಷಿಪಣಿಗೆ ಗುರಿಯಾಯಿತು; ಅಹುಜಾ ಹುತಾತ್ಮರಾದರು. ಮೇ 28ರಂದು ಎಂಐ-17 ಹೆಲಿಕಾಪ್ಟರ್ ಕ್ಷಿಪಣಿಗೆ ತುತ್ತಾಗಿ ನಾಲ್ವರು ಯೋಧರು ಅಸುನೀಗಿದರು. ಆನಂತರ ವಿಮಾನಗಳು ಕ್ಷಿಪಣಿಯ ವ್ಯಾಪ್ತಿಗಿಂತ ಮೇಲಿನಿಂದ ದಾಳಿ ನಡೆಸಿದವು. ಮಿರಾಜ್-2000 ವಿಮಾನಗಳ ಲೇಸರ್ ನಿರ್ದೇಶಿತ ಬಾಂಬುಗಳು ಪರಿಣಾಮಕಾರಿಯಾದವು.

ಆದರೆ ಶಿಖರಗಳನ್ನೇರುತ್ತಿದ್ದ ಕಾಲಾಳುಗಳಿಗೆ ಹತ್ತಿರದಿಂದ ನೆರವಾಗಬಲ್ಲ, ಅಷ್ಟು ಎತ್ತರದಲ್ಲಿ ಹೋರಾಡಬಲ್ಲ ದಾಳಿ ಹೆಲಿಕಾಪ್ಟರ್ ಭಾರತದ ಬಳಿ ಇರಲಿಲ್ಲ. ಆ ಕೊರತೆಯೇ ಬೆಂಗಳೂರಿನಲ್ಲಿ ಹಗುರ ಯುದ್ಧ ಹೆಲಿಕಾಪ್ಟರ್ ಯೋಜನೆಗೆ ಕಾರಣವಾಯಿತು. 2010ರ ಮಾರ್ಚ್ 29ರಂದು ಅದು ಎಚ್‌ಎಎಲ್ ನಿಲ್ದಾಣದಿಂದ ಮೊದಲ ಬಾರಿ ಹಾರಿತು. ‘ಪ್ರಚಂಡ’ ಎಂಬ ಹೆಸರಿನಿಂದ 2022ರ ಅಕ್ಟೋಬರ್ 3ರಂದು ವಾಯುಪಡೆಗೆ ಸೇರಿದ್ದು ಜೋಧಪುರದಲ್ಲಿ. 1971ರಲ್ಲಿ ಮಾರುತ್‌ಗಳು ಹಾರಿದ ನೆಲೆಯೂ ಅದೇ.

ಸುಮಾರು 5.8 ಟನ್ ತೂಕದ ಪ್ರಚಂಡ 5,000 ಮೀಟರ್ ಎತ್ತರದಲ್ಲೂ ಇಳಿದು ಮೇಲೇರಬಲ್ಲದು. ಎರಡು ‘ಶಕ್ತಿ’ ಎಂಜಿನ್, 20 ಮಿ.ಮೀ. ಫಿರಂಗಿ, 70 ಮಿ.ಮೀ. ರಾಕೆಟ್ ಅದರ ಬಲ. ಒಬ್ಬರ ಹಿಂದೆ ಒಬ್ಬರು ಕೂರುವ ಕಿರಿದಾದ ಒಡಲು, ರಕ್ಷಾಕವಚ, ನೆಲಕ್ಕಪ್ಪಳಿಸಿದರೂ ಆಘಾತ ತಾಳುವ ಗಾಲಿಕಂಬ ಅದರ ರಕ್ಷಣೆ. 2025ರ ಮಾರ್ಚ್ 28ರಂದು ರಕ್ಷಣಾ ಸಚಿವಾಲಯ 156 ಪ್ರಚಂಡಗಳಿಗಾಗಿ 62,700 ಕೋಟಿ ರೂ. ಮೊತ್ತದ ಒಪ್ಪಂದಕ್ಕೆ ಸಹಿ ಹಾಕಿತು. ಇವುಗಳಲ್ಲಿ 90 ಭೂಸೇನೆಗೆ, 66 ವಾಯುಪಡೆಗೆ. ಬೆಂಗಳೂರು ಮತ್ತು ತುಮಕೂರು ಘಟಕಗಳಲ್ಲಿ ಇವು ತಯಾರಾಗಲಿವೆ.

ಗಟ್ಟಿತನ ಇಂದಿಗೂ ಸಾಕೆ?

ತರಬೇತಿ, ಉಪಕರಣಗಳ ವೆಚ್ಚವೂ ಸೇರಿ ಪ್ರತಿ ಪ್ರಚಂಡಕ್ಕೆ ಸರಾಸರಿ 400 ಕೋಟಿ ರೂ. ತಗಲುತ್ತದೆ. ಅದನ್ನು ಉರುಳಿಸಬಲ್ಲ ಭುಜ ಕ್ಷಿಪಣಿಯ ಬೆಲೆ ಇದರ ಅಲ್ಪ ಭಾಗ. 2022ರಲ್ಲಿ ಆರಂಭವಾದ ಉಕ್ರೇನ್ ಯುದ್ಧದಲ್ಲಿ ಎರಡೂ ಪಕ್ಷಗಳು ಸುಖೋಯ್-25 ವಿಮಾನಗಳನ್ನು ಕಳೆದುಕೊಂಡಿವೆ. ಗುರಿಯ ಬಳಿ ಹೋಗದೆ, ದೂರದಿಂದಲೇ ಮೂತಿ ಮೇಲೆತ್ತಿ ರಾಕೆಟ್ ಹಾರಿಸಿ ಹಿಂದಿರುಗುವ ಪದ್ಧತಿ ಅಲ್ಲಿ ಬೆಳೆದಿದೆ. ನಿಕಟ ಬೆಂಬಲದ ಹಲವು ಕೆಲಸಗಳನ್ನು ಡ್ರೋನ್‌ಗಳು ವಹಿಸಿಕೊಂಡಿವೆ. ಡ್ರೋನ್ ಉರುಳಿದರೆ ಪ್ರಾಣಹಾನಿ ಇಲ್ಲ ಎಂಬುದು ಅದರ ಪರವಾದ ಬಲವಾದ ವಾದ.

ಹಾಗೆಂದು ಗಟ್ಟಿತನದ ಕಾಲ ಮುಗಿಯಿತೆನ್ನುವಂತಿಲ್ಲ. ಕವಚ ಮತ್ತು ಎರಡನೇ ಎಂಜಿನ್ ಇರುವುದು ಪೆಟ್ಟನ್ನು ತಪ್ಪಿಸಲಿಕ್ಕಲ್ಲ. ಪೆಟ್ಟು ಬಿದ್ದ ಮೇಲೆ ಪೈಲಟ್‌ನನ್ನು ಮನೆಗೆ ತಲುಪಿಸಲಿಕ್ಕೆ. ವಿಮಾನವನ್ನು ಕಾರ್ಖಾನೆ ಮತ್ತೆ ನಿರ್ಮಿಸಬಹುದು. ವರ್ಷಗಟ್ಟಲೆ ತರಬೇತಿ ಪಡೆದ ಪೈಲಟ್ ಅಷ್ಟು ಸುಲಭವಾಗಿ ದೊರೆಯುವುದಿಲ್ಲ. ವೇಗದ ಲೆಕ್ಕದಲ್ಲಿ ಸೋತ ಮಾರುತ್ 1971ರಲ್ಲಿ ಗೆದ್ದುದು ಈ ಲೆಕ್ಕದಲ್ಲಿ.

ಎಚ್‌ಎಫ್-24 ಮಾರುತ್: ಒಂದು ನೋಟ

ತಯಾರಿಕೆ: ಎಚ್‌ಎಎಲ್, ಬೆಂಗಳೂರು
ಮೊದಲ ಹಾರಾಟ: 1961ರ ಜೂನ್ 17
ಒಟ್ಟು ನಿರ್ಮಾಣ: 147 (18 ತರಬೇತಿ ವಿಮಾನ ಸೇರಿ)
ಉದ್ದ: 15.87 ಮೀಟರ್, ರೆಕ್ಕೆಗಳ ಅಗಲ: 9 ಮೀಟರ್
ಎಂಜಿನ್: ಎರಡು ಆರ್ಫಿಯಸ್-703
ಶಸ್ತ್ರ: 30 ಮಿ.ಮೀ.ನ ನಾಲ್ಕು ಫಿರಂಗಿ, ಒಡಲೊಳಗೆ 68 ಮಿ.ಮೀ.ನ 50 ರಾಕೆಟ್, ರೆಕ್ಕೆಯಡಿ ಬಾಂಬುಗಳು
ಹಾರಿಸಿದ ಸ್ಕ್ವಾಡ್ರನ್‌ಗಳು: 10, 220 ಮತ್ತು 31
ಬೆಂಗಳೂರಿನಲ್ಲಿ ನೋಡಬಹುದಾದ ಸ್ಥಳ: ಎಚ್‌ಎಎಲ್ ವೈಮಾನಿಕ ವಸ್ತುಸಂಗ್ರಹಾಲಯ, ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ