ಎಂಜಿನ್ನಿನ ಜ್ವರ ನೋಡಿದವರು

ಚರಿತ್ರೆಯ ಬಗ್ಗೆ ಏನಾದರೂ ಬರೆದುಕೊಡಿ ಎಂದು ನಮ್ಮ ಸಂಪಾದಕರು ಕೇಳಿದಾಗ ಅವರ ಮನಸ್ಸಿನಲ್ಲಿದ್ದದ್ದು ಹೊಯ್ಸಳರೋ ಕೆಳದಿಯ ನಾಯಕರೋ ಇರಬೇಕು. ಅವರನ್ನು ನನಗಿಂತ ಚೆನ್ನಾಗಿ ಬಲ್ಲವರು ನಮ್ಮ ಕೂಟದಲ್ಲೇ ನಾಲ್ಕಾರು ಮಂದಿ ಇದ್ದಾರೆ. ನಾನು ಬಲ್ಲದ್ದು ಎಂಜಿನ್, ಅದರಲ್ಲೂ ಕಾದು ಕೆಂಡವಾದ ಎಂಜಿನ್. ಹಾಗಾಗಿ ಈ ಸಲ ರಾಜ ರಾಣಿಯರಿಲ್ಲ. ಕಾರಿನ ಹೊಟ್ಟೆಯೊಳಗಿನ ನೀರಿಗೆ ಏನೋ ಆಗಿದೆ ಎಂಬುದನ್ನು ಮನುಷ್ಯ ಹೇಗೆ ಹೇಗೆ ಪತ್ತೆಹಚ್ಚುತ್ತ ಬಂದ ಎಂಬ ಕತೆ ಇದು. ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಲಾಸ್ ವೇಗಾಸ್, ಗ್ರ್ಯಾಂಡ್ ಕ್ಯಾನ್ಯನ್ ಎಂದು ಹೊರಡುವ ಕುಟುಂಬಗಳು ಸ್ವಲ್ಪ ಗಮನವಿಟ್ಟು ಓದಬೇಕೆಂದು ಕೋರಿಕೆ.

ಈ ವಿದ್ಯೆಯಲ್ಲಿ ನನ್ನ ಮೊದಲ ಗುರು ಒಬ್ಬ ಬಸ್ ಕ್ಲೀನರ್. ನಾನು ಹುಡುಗನಾಗಿದ್ದಾಗ, 1960ರ ದಶಕದಲ್ಲಿ, ಉಡುಪಿಯ ಕಡೆಯಿಂದ ತೀರ್ಥಹಳ್ಳಿಗೆ ಬರುವ ನಮ್ಮ ಬಸ್ಸು ಘಟ್ಟದ ಬುಡದ ಸೋಮೇಶ್ವರದಲ್ಲಿ ನಿಂತು ಹೊಟ್ಟೆ ತುಂಬ ನೀರು ಕುಡಿದೇ ಮೇಲೆ ಹೊರಡುತ್ತಿತ್ತು. ಮುಂದೆ ಆಗುಂಬೆಯ 14 ತಿರುವುಗಳು. ಆ ಬಸ್ಸಿನ ಮೀಟರುಗಳ ಮುಳ್ಳುಗಳೆಲ್ಲ ಎಂದೋ ಪ್ರಾಣ ಬಿಟ್ಟಿದ್ದವು. ಕ್ಲೀನರ್ ಮಾತ್ರ ಬಾಗಿಲಲ್ಲಿ ಜೋತುಬಿದ್ದುಕೊಂಡು ಕಿವಿಗೊಟ್ಟು ಕೇಳುತ್ತಿದ್ದ. ಎಲ್ಲೋ ಏಳನೆಯ ತಿರುವಿನಲ್ಲಿ, ಯಾರಿಗೂ ಏನೂ ಕೇಳಿಸದಿದ್ದಾಗ, ಬಸ್ಸಿನ ಮೈಗೆ ಪಟಪಟ ಬಡಿದು ನಿಲ್ಲಿಸುತ್ತಿದ್ದ. ಒದ್ದೆ ಗೋಣಿಚೀಲ ಮುಚ್ಚಿ, ಮುಖ ಆಚೆ ತಿರುಗಿಸಿ, ಮುಚ್ಚಳವನ್ನು ಅರ್ಧ ತಿರುವಿ ಬಿಡುತ್ತಿದ್ದ. ಬುಸ್ಸೆಂದು ಆವಿ. ಮತ್ತೆ ಬಗ್ಗಿ ಕೇಳಿ, “ಇನ್ನೂ ಹಾಡ್ತಾ ಉಂಟು, ತಡೀರಿ” ಎನ್ನುತ್ತಿದ್ದ. ಒಲೆಯ ಮೇಲಿನ ಸಾರು ಕುದಿಬಂದದ್ದು ನಡುಮನೆಯಲ್ಲಿ ಹೂ ಕಟ್ಟುತ್ತ ಕೂತ ಅಮ್ಮನಿಗೆ ಗೊತ್ತಾಗುತ್ತಿತ್ತಲ್ಲ, ಅದೇ ಬಗೆಯ ಜ್ಞಾನ.

ಪೆಟ್ರೋಲು ಉರಿದಾಗ ಬರುವ ಶಾಖದಲ್ಲಿ ಚಕ್ರ ತಿರುಗಿಸುವುದಕ್ಕೆ ಸಿಗುವುದು ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು. ಇನ್ನೊಂದು ಪಾಲು ಹೊಗೆಯ ಜೊತೆ ಹೊರಗೆ ಹೋಗುತ್ತದೆ. ಉಳಿದದ್ದರಲ್ಲಿ ಬಹುಪಾಲನ್ನು ನೀರು ಹೊತ್ತು ಸಾಗಿಸಬೇಕು. ಇಲ್ಲವಾದರೆ ಕಬ್ಬಿಣ, ಅಲ್ಯೂಮಿನಿಯಂ ಉಬ್ಬಿ, ಸೊಟ್ಟಗಾಗಿ, ಎಂಜಿನ್ ಕಚ್ಚಿಕೊಂಡು ನಿಂತುಬಿಡುತ್ತದೆ.

ತಮಾಷೆಯೆಂದರೆ, ಮೊಟ್ಟಮೊದಲ ಕಾರುಗಳಲ್ಲಿ ಈ ಕಾಯಿಲೆಯನ್ನು ಕಂಡುಹಿಡಿಯುವ ಪ್ರಶ್ನೆಯೇ ಇರಲಿಲ್ಲ. ಜರ್ಮನಿಯ ಕಾರ್ಲ್ ಬೆಂಜ್ ಕಟ್ಟಿದ ಮೂರು ಗಾಲಿಯ ಗಾಡಿಯಲ್ಲಿ ಸಿಲಿಂಡರಿನ ಸುತ್ತಲಿನ ನೀರು ಕುದಿದು ಆವಿಯಾಗಿ ಹೋಗುವುದೇ ತಂಪು ಮಾಡುವ ವಿಧಾನ. ಅಲ್ಲಿ ಕುದಿಯುವುದು ರೋಗವಲ್ಲ, ಆರೋಗ್ಯ. 1888ರ ಆಗಸ್ಟಿನಲ್ಲಿ ಅವನ ಹೆಂಡತಿ ಬರ್ತಾ ಬೆಂಜ್ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು, ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತನ್ನ ತವರಿಗೆ ಆ ಗಾಡಿಯಲ್ಲಿ ಹೊರಟುಬಿಟ್ಟಳು. ಸುಮಾರು 105 ಕಿಲೋಮೀಟರು. ನೀರು ಆರುತ್ತಲೇ ಇತ್ತು. ದಾರಿಯಲ್ಲಿ ಸಿಕ್ಕ ಸಿಕ್ಕಲ್ಲಿ ತುಂಬಿಸುತ್ತ ಹೋದರು. ಕಟ್ಟಿಕೊಂಡ ಇಂಧನದ ಕೊಳವೆಯನ್ನು ಆಕೆ ಟೋಪಿಯ ಪಿನ್ನಿನಿಂದ ಬಿಡಿಸಿದಳೆಂಬುದು ಪ್ರಸಿದ್ಧ ಕತೆ. ಎರಡು ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು, ನೀರೆಲ್ಲಿ ಎಂದು ಹುಡುಕುತ್ತ ಹೋದ ಆ ತಾಯಿಯ ಕಣ್ಣೇ ಮೊದಲ ಮೀಟರು ಎಂದು ನನ್ನ ಲೆಕ್ಕ.

ಕಾಯಿಲೆ ಹುಟ್ಟಿದ್ದು ರೇಡಿಯೇಟರಿನ ಜೊತೆಗೆ. 1901ರ ಮರ್ಸಿಡಿಸ್ ಕಾರಿಗೆ ವಿಲ್ಹೆಲ್ಮ್ ಮೇಬಾಕ್ ಜೇನುಗೂಡಿನಂಥ ರೇಡಿಯೇಟರು ಮಾಡಿದ. 6 ಮಿಲಿಮೀಟರ್ ಚೌಕದ 8,070 ಪುಟ್ಟ ಕೊಳವೆಗಳನ್ನು ಬೆಸೆದ ಚೌಕಟ್ಟು ಅದು. 18 ಲೀಟರ್ ನೀರು ಬೇಕಾಗಿದ್ದಲ್ಲಿ 9 ಲೀಟರ್ ಸಾಕಾಯಿತು. ಅದೇ ನೀರು ಎಂಜಿನ್ನಿಗೂ ರೇಡಿಯೇಟರಿಗೂ ಸುತ್ತು ಹೊಡೆಯಬೇಕು, ಆವಿಯಾಗಿ ಓಡಿಹೋಗಕೂಡದು. ಅಲ್ಲಿಂದಾಚೆಗೆ ಕುದಿಯುವುದೆಂದರೆ ಎಲ್ಲೋ ಕೆಟ್ಟಿದೆ ಎಂದರ್ಥ. ಹೆನ್ರಿ ಫೋರ್ಡ್ 1908ರಲ್ಲಿ ಹೊರತಂದ ಮಾಡೆಲ್ ಟಿ ಕಾರುಗಳಲ್ಲಿ ಮೊದಲ 2,500ರಷ್ಟಕ್ಕೆ ಮಾತ್ರ ನೀರಿನ ಪಂಪು ಇತ್ತು. ಆಮೇಲೆ ಅದನ್ನೂ ತೆಗೆದುಹಾಕಿದರು. ಬಿಸಿನೀರು ತಾನಾಗಿ ಮೇಲೇರುತ್ತದೆ, ತಣ್ಣಗಾದದ್ದು ಇಳಿಯುತ್ತದೆ, ಸಾಕಲ್ಲ! ಜಿಪುಣತನವೂ ಬುದ್ಧಿವಂತಿಕೆಯೂ ಬೆರೆತ ಉಪಾಯ. ಆದರೆ ನೀರು ಮೇಲಿನ ಪೈಪಿನ ಮಟ್ಟಕ್ಕಿಂತ ಕೆಳಗಿಳಿದರೆ ಸುತ್ತಾಟವೇ ನಿಂತುಹೋಗುತ್ತಿತ್ತು. ಚಾಲಕನಿಗೆ ಅದು ತಿಳಿಯುತ್ತಿದ್ದದ್ದು ಆವಿ ಮುಖಕ್ಕೆ ರಾಚಿದಾಗ.

ಈ ಕೊರತೆಯಿಂದ ಹುಟ್ಟಿದ್ದು ಬಾಯ್ಸ್ ಮೋಟೋಮೀಟರು. 1910ರ ದಶಕದಲ್ಲಿ ನ್ಯೂಯಾರ್ಕಿನ ಹ್ಯಾರಿಸನ್ ಬಾಯ್ಸ್ ಎಂಬಾತ ಅದನ್ನು ಮಾರುಕಟ್ಟೆಗೆ ತಂದ. ರೇಡಿಯೇಟರಿನ ಮುಚ್ಚಳದ ಮೇಲೆ ನೆಟ್ಟ, ದುಂಡಗಿನ ಚೌಕಟ್ಟಿನ ಒಂದು ಥರ್ಮಾಮೀಟರು, ಅಷ್ಟೇ. ಕೆಂಪು ದ್ರವ ಮೇಲೇರುವುದು ಚಾಲಕನಿಗೆ ಗಾಜಿನಾಚೆ ಕಾಣುತ್ತಿತ್ತು. ಅದರ ತುದಿ ನೀರಿನಲ್ಲಿ ಮುಳುಗಿರಲಿಲ್ಲ ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನೀರಿನ ಮೇಲಿನ ಖಾಲಿ ಜಾಗದ ಆವಿಯ ಶಾಖವನ್ನು ಅದು ಅಳೆಯುತ್ತಿತ್ತು. ಜನಕ್ಕೆ ಅದು ಎಷ್ಟು ಹಿಡಿಸಿತೆಂದರೆ ಕಾರಿನ ಮೂಗುತಿಯೇ ಆಗಿಹೋಯಿತು. ಒಂದೊಂದು ಕಂಪನಿಯೂ ತನ್ನ ಲಾಂಛನ ಬರೆಸಿದ ಮೋಟೋಮೀಟರು ಹಾಕಿಸಿತು. 1920ರ ದಶಕದ ಕೊನೆಯ ಹೊತ್ತಿಗೆ ಮೀಟರು ಕಾರಿನ ಒಳಕ್ಕೆ, ಚಾಲಕನ ಎದುರಿನ ಹಲಗೆಗೆ ಬಂತು. ಮುಚ್ಚಳದ ಮೇಲೆ ಉಳಿದದ್ದು ಬರೀ ಗೊಂಬೆಗಳು.

ಅಷ್ಟರಲ್ಲಿ ನೀರೂ ಬದಲಾಗಿತ್ತು. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಎಂಜಿನ್ ಸೀಳದಿರಲಿ ಎಂದು ಮೊದಲು ಆಲ್ಕೋಹಾಲ್ ಬೆರೆಸುತ್ತಿದ್ದರು. ಅದು ಬಿಸಿಗೆ ಹಾರಿಹೋಗುತ್ತಿತ್ತು. 1927ರಲ್ಲಿ ಪ್ರೆಸ್ಟೋನ್ ಹೆಸರಿನಲ್ಲಿ ಎಥಿಲೀನ್ ಗ್ಲೈಕಾಲ್ ಬಂತು. ಹಾರುವುದಿಲ್ಲ, ಸುಲಭಕ್ಕೆ ಕುದಿಯುವುದಿಲ್ಲ, ವಾಸನೆ ಸಿಹಿ. ರುಚಿಯೂ ಸಿಹಿ, ಆದರೆ ವಿಷ. ಗ್ಯಾರೇಜಿನಲ್ಲಿ ಚೆಲ್ಲಿದ್ದನ್ನು ಮಕ್ಕಳು, ನಾಯಿ, ಬೆಕ್ಕು ಮುಟ್ಟದಂತೆ ಕೂಡಲೇ ಒರೆಸಿಬಿಡಿ. 1930ರ ದಶಕದಲ್ಲಿ ಸರ್ಜಿಯಸ್ ವರ್ನೆಟ್ ಮೇಣದ ಥರ್ಮೋಸ್ಟಾಟ್ ಮಾಡಿದ. ಮೇಣ ಕರಗಿ ಹಿಗ್ಗಿದರೆ ಬಾಗಿಲು ತೆರೆಯುತ್ತದೆ, ಗಟ್ಟಿಯಾದರೆ ಮುಚ್ಚುತ್ತದೆ. ಆಮೇಲೆ ಒತ್ತಡದ ಮುಚ್ಚಳ ಬಂತು. ಚದರ ಅಂಗುಲಕ್ಕೆ 15 ಪೌಂಡ್ ಒತ್ತಡ ಹಿಡಿದಿಟ್ಟರೆ ಬರೀ ನೀರು ಕೂಡ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯದೆ 121ರವರೆಗೆ ಸುಮ್ಮನಿರುತ್ತದೆ. ಒಳ್ಳೆಯದೇ. ಆದರೆ ನಮ್ಮ ಕ್ಲೀನರ್ ಕೇಳುತ್ತಿದ್ದ ಆ ಹಾಡು ಅಲ್ಲಿಗೆ ನಿಂತಿತು. ಇನ್ನು ಕಿವಿಗೆ ಕೆಲಸವಿಲ್ಲ, ಮುಳ್ಳನ್ನೇ ನಂಬಬೇಕು. ಎರಡನೆಯ ಮಹಾಯುದ್ಧದ ನಂತರ ಎಷ್ಟೋ ಅಮೆರಿಕನ್ ಕಾರುಗಳಲ್ಲಿ ಮುಳ್ಳೂ ಹೋಗಿ ಒಂದು ಕೆಂಪು ದೀಪ ಉಳಿಯಿತು. ಅದಕ್ಕೆ ಇಲ್ಲಿನವರೇ ಇಟ್ಟ ಹೆಸರು ಪೆದ್ದರ ದೀಪ. ಅದು ಹತ್ತಿಕೊಳ್ಳುವಷ್ಟರಲ್ಲಿ ಆಗಬೇಕಾದ್ದು ಎಷ್ಟೋ ಸಲ ಆಗಿಹೋಗಿರುತ್ತಿತ್ತು.

ಮುಳ್ಳನ್ನು ನಂಬಿದ ಒಬ್ಬ ಪೆದ್ದನ ಕತೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. 1993ರ ಜುಲೈ. ಹಳೆಯ ಸ್ಟೇಷನ್ ವ್ಯಾಗನ್ನಿನಲ್ಲಿ ನಾವಿಬ್ಬರು, ಆರು ವರ್ಷದ ಮಗಳು, ಎಂಟು ತಿಂಗಳ ಮಗ. ಹಿಂದಿನ ವಾರವೇ ಕಾರಿನ ಕೆಳಗೆ ಹಸಿರು ಹನಿ ಕಂಡು ಒಂದು ಗ್ಯಾರೇಜಿಗೆ ತೋರಿಸಿದ್ದೆ. ನೀರಿನ ಪಂಪಿನ ಅಡಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ; ಒಳಗಿನ ಸೀಲು ಸವೆದಾಗ ಹನಿ ಹೊರಗೆ ಬಂದು ಎಚ್ಚರಿಸಲಿ ಎಂದೇ ಅದನ್ನು ಕೊರೆದಿರುತ್ತಾರೆ. ಗ್ಯಾರೇಜಿನವರು ಅದು ಎ.ಸಿ.ಯ ನೀರು, ಚಿಂತೆ ಬೇಡ ಎಂದರು. ಎ.ಸಿ.ಯ ನೀರು ಹಸಿರಾಗಿರುವುದಿಲ್ಲ ಎಂದು ನನಗಾದರೂ ಹೊಳೆಯಬೇಕಿತ್ತು.

ಲಾಸ್ ವೇಗಾಸಿಗೆ ಹೋಗುವ 15ನೇ ಹೆದ್ದಾರಿಯಲ್ಲಿ ಬೇಕರ್ ಎಂಬ ಊರು ನಿಮಗೆಲ್ಲ ಗೊತ್ತು. ಅಲ್ಲಿನ 134 ಅಡಿ ಎತ್ತರದ ಥರ್ಮಾಮೀಟರನ್ನು ಕಟ್ಟಿದ್ದು 1991ರಲ್ಲಿ. 1913ರ ಜುಲೈ 10ರಂದು ಡೆತ್ ವ್ಯಾಲಿಯಲ್ಲಿ ದಾಖಲಾದ 134 ಡಿಗ್ರಿ ಫ್ಯಾರನ್‌ಹೀಟಿನ ನೆನಪಿಗೆ ಅಷ್ಟು ಎತ್ತರ. ಮೋಟೋಮೀಟರಿನ ಮುತ್ತಜ್ಜ ಎನ್ನಿ. ನಾವು ದಾಟಿದಾಗ ಅದು 112 ತೋರಿಸುತ್ತಿತ್ತು. ಬೇಕರ್ ಇರುವುದು ಸುಮಾರು 930 ಅಡಿಯಲ್ಲಿ. ಅಲ್ಲಿಂದ ರಸ್ತೆ 4,000 ಅಡಿಗೂ ಮೇಲಕ್ಕೆ ಏರುತ್ತದೆ. ಎ.ಸಿ. ಆರಿಸಿ ಎಂಬ ಫಲಕ ಬಂತು, ಆರಿಸಿದೆವು. ಮುಳ್ಳು ಮೇಲೇರಿ ಕೆಂಪನ್ನು ಮುಟ್ಟಿತು. ನನ್ನ ಎದೆ ಹಾರಿತು. ಎರಡು ಮೈಲಿ ಕಳೆಯುವಷ್ಟರಲ್ಲಿ ಮುಳ್ಳು ತಾನಾಗಿ ಇಳಿದು ತಣ್ಣಗಿನ ಗೆರೆಗೆ ಬಂದು ಕೂತಿತು. “ನೋಡಿದೆಯಾ, ಸರಿಹೋಯಿತು” ಎಂದು ಹೆಂಡತಿಗೆ ಹೇಳಿದೆ. ಅವಳು ಕಿಟಕಿಯಿಂದ ಮುಖ ಹೊರಹಾಕಿ, “ಏನೂ ಸರಿಹೋಗಿಲ್ಲ. ಬೆಲ್ಲದ ಪಾಕ ಸೀದ ವಾಸನೆ ಬರ್ತಿದೆ, ನಿಲ್ಲಿಸಿ” ಎಂದಳು.

ಅವಳೇ ಸರಿ. ಕಾರಿನ ಮೀಟರು ಶಾಖ ಅಳೆಯುವುದು ನೀರಿನಲ್ಲಿ ಮುಳುಗಿದ ಒಂದು ಸಣ್ಣ ತುದಿಯಿಂದ. ನೀರೇ ಬರಿದಾದರೆ ಅದು ಗಾಳಿಯಲ್ಲಿ ನೇತಾಡುತ್ತ, ಎಂಜಿನ್ ತಣ್ಣಗಿದೆ ಎಂದು ಸುಳ್ಳು ಹೇಳಬಲ್ಲದು. ಹೀಟರನ್ನು ಪೂರ್ತಿ ಹಾಕಿದ್ದರೆ ಆಗಲೇ ತಿಳಿಯುತ್ತಿತ್ತು. ಹೀಟರೂ ಒಂದು ಪುಟ್ಟ ರೇಡಿಯೇಟರು. ಒಳಗೆ ನೀರಿದ್ದರೆ ಅದು ಉರಿಗಾಳಿ ಬಿಟ್ಟು ಎಂಜಿನ್ನಿನ ಶಾಖವನ್ನು ಒಂದಷ್ಟು ಇಳಿಸುತ್ತದೆ. ಇಲ್ಲದಿದ್ದರೆ ಬರೀ ಹೊರಗಿನ ಗಾಳಿ. ನಿಲ್ಲಿಸಿದ ಮೇಲೆ ಮಗು ಅಳುವುದನ್ನೂ ನಿಲ್ಲಿಸಿ ತಲೆ ವಾಲಿಸಿತು. ಆ ಹತ್ತು ನಿಮಿಷದ ಬಗ್ಗೆ ಹೆಚ್ಚು ಬರೆಯಲಾರೆ. ಒಬ್ಬ ಲಾರಿಯ ಚಾಲಕ ನಿಲ್ಲಿಸಿ, ತಾಯಿ ಮಕ್ಕಳನ್ನು ತನ್ನ ತಂಪು ಕ್ಯಾಬಿನ್ನಿಗೆ ಹತ್ತಿಸಿಕೊಂಡ. ಅವನ ಹೆಸರು ಕೇಳುವುದೂ ನನಗೆ ಮರೆತುಹೋಯಿತು.

ಕಾರನ್ನು ಬಾರ್‌ಸ್ಟೋವಿಗೆ ಎಳೆದು ತಂದರು. ಅಲ್ಲಿನ ಮುದುಕ ಮೆಕ್ಯಾನಿಕ್ ನೀರು ತುಂಬಿಸಿ, ಎಂಜಿನ್ ಸ್ಟಾರ್ಟ್ ಮಾಡಿಸಿ, ರೇಡಿಯೇಟರಿನ ಬಾಯಿಗೆ ಒಂದು ಗಾಜಿನ ಕೊಳವೆ ಇಟ್ಟ. ಅದರಲ್ಲಿ ನೀಲಿ ದ್ರವ. ರಬ್ಬರ್ ಉಂಡೆ ಅದುಮಿ ಒಳಗಿನ ಗಾಳಿಯನ್ನು ಅದರ ಮೂಲಕ ಎಳೆದ. ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು. ನಮ್ಮ ಹೈಸ್ಕೂಲಿನ ಲಿಟ್ಮಸ್ ಕಾಗದದ ಬಂಧು ಅದು, ಬ್ರೋಮೋಥೈಮಾಲ್ ಬ್ಲೂ. ಸಿಲಿಂಡರಿನೊಳಗೆ ಉರಿದ ಅನಿಲ ನೀರಿನ ದಾರಿಗೆ ನುಗ್ಗುತ್ತಿದ್ದರೆ ಅದರಲ್ಲಿರುವ ಕಾರ್ಬನ್ ಡೈ ಆಕ್ಸೈಡ್ ಈ ಬಣ್ಣವನ್ನು ಬದಲಿಸುತ್ತದೆ. ಅಂದರೆ ಎಂಜಿನ್ನಿನ ತಲೆಗೂ ಮೈಗೂ ನಡುವಿನ ಗ್ಯಾಸ್ಕೆಟ್ ಹೋಗಿದೆ. ಎಂಜಿನ್ ಬಿಚ್ಚದೆ, ಎರಡು ನಿಮಿಷದಲ್ಲಿ ತೀರ್ಪು! ಬಿಲ್ಲು ಆ ತಿಂಗಳ ಮನೆ ಬಾಡಿಗೆಗಿಂತ ಹೆಚ್ಚಾಯಿತು. ಆದರೂ ಆ ನೀಲಿ ದ್ರವದ ಮೇಲೆ ನನಗೆ ಇಂದಿಗೂ ಪ್ರೀತಿ. ಅದು ಮುಳ್ಳಿನ ಹಾಗೆ ಸಮಾಧಾನ ಹೇಳಲಿಲ್ಲ.

1996ರಿಂದ ಅಮೆರಿಕದಲ್ಲಿ ಮಾರುವ ಎಲ್ಲ ಹೊಸ ಕಾರುಗಳಲ್ಲೂ ದೋಷಗಳನ್ನು ಒಂದೇ ಬಗೆಯ ಸಂಕೇತದಲ್ಲಿ ಹೇಳುವ ಕಂಪ್ಯೂಟರ್ ಕಡ್ಡಾಯವಾಯಿತು. ಅದರ ಪಿ0128 ಎಂಬ ಸಂಕೇತವೆಂದರೆ ಎಂಜಿನ್ ಬಿಸಿಯಾಗಬೇಕಾದಷ್ಟು ಬಿಸಿಯಾಗುತ್ತಿಲ್ಲ ಎಂದು. ಬಹಳ ಜನ ಅದನ್ನು ನೋಡಿದ ಕೂಡಲೇ ಥರ್ಮೋಸ್ಟಾಟ್ ಬದಲಿಸುತ್ತಾರೆ. ಎಷ್ಟೋ ಸಲ ತಪ್ಪು ಅದರದೇ. ಆದರೆ ನೀರು ಕಡಿಮೆಯಾದರೂ ಅದೇ ಸಂಕೇತ ಬರಬಹುದು. ಕಾರು ಪೂರ್ತಿ ತಣ್ಣಗಿರುವಾಗ ಮುಚ್ಚಳ ತೆಗೆದು ಒಳಗೆ ಇಣುಕಿ ನೋಡುವುದಕ್ಕೆ ಕಾಸು ಖರ್ಚಿಲ್ಲ. ಬಿಸಿಯಿರುವಾಗ ಮಾತ್ರ ಮುಚ್ಚಳ ಮುಟ್ಟಬೇಡಿ. ಒದ್ದೆ ಗೋಣಿಚೀಲದ ವಿದ್ಯೆ ನಮ್ಮ ಕ್ಲೀನರ್‌ಗೆ ಒಲಿದದ್ದು, ನಮಗಲ್ಲ. ಎಣ್ಣೆಯ ಕಡ್ಡಿಯನ್ನೂ ಎಳೆದು ನೋಡಿ. ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಪ್ರವಾಸ ರದ್ದು.

ನಮ್ಮ ಈಗಿನ ಕಾರು ಬ್ಯಾಟರಿಯದು. ಅದರ ಬ್ಯಾಟರಿಗೂ ಗ್ಲೈಕಾಲ್ ಬೆರೆಸಿದ ನೀರೇ ಸುತ್ತು ಹೊಡೆಯುತ್ತದೆ. ಅಂದಿನ ಕೂಸು ಈಗ ಬೆಳೆದು ಆ ಕಾರನ್ನು ಓಡಿಸುತ್ತಾನೆ, ಶಾಖದ ಲೆಕ್ಕವೆಲ್ಲ ಅವನ ಫೋನಿಗೇ ಬರುತ್ತದೆ. ಬೇಕರ್ ದಾಟಿ ಏರು ಶುರುವಾದ ಕೂಡಲೇ ಅವನಮ್ಮ ಮಾತ್ರ ಏನೂ ಹೇಳದೆ ಕಿಟಕಿಯನ್ನು ಒಂದು ಇಂಚು ಇಳಿಸುತ್ತಾಳೆ.