ಕೆಳಗೆ ಒಲೆ, ಮೇಲೆ ಸಂಸಾರ

ನೌಕರಿ ಮುಗಿಯುವವರೆಗೂ ನಗರಸಭೆಯಲ್ಲಿ ಮನೆಗಳ ನಕ್ಷೆ ನೋಡಿದವನು ನಾನು. ಹಾಗಾಗಿ ಜಪಾನಿನ ಫುಕುಶಿಮಾ ಪ್ರಾಂತದ ಕಿತಕತ ಊರಿನಲ್ಲಿ ಮಗಳು ರಾಮೆನ್ ಎಂಬ ಸಾರು-ನೂಡಲ್ಸ್ ತಿನ್ನಿಸಲು ಕರೆದೊಯ್ದಾಗ, ಬಟ್ಟಲು ಬರುವ ಮೊದಲು ನನ್ನ ಕಣ್ಣು ಹೋದದ್ದು ಗೋಡೆಗಳ ಕಡೆಗೆ. ಹೊರಗಿನಿಂದ ನೋಡಿದರೆ ಅದು ಬರೀ ಎರಡಂತಸ್ತಿನ ಮನೆ. ಬಾಗಿಲಿಗೆ ನೊರೆನ್ ಎಂಬ ಬಟ್ಟೆಯ ಪರದೆ ಇಳಿಬಿಟ್ಟಿದ್ದರಿಂದಷ್ಟೇ ಅಂಗಡಿಯೆಂದು ತಿಳಿಯಿತು. ಒಳಗೆ ಆರು ಸ್ಟೂಲು, ಒಂದು ಕಟ್ಟೆ, ಕಟ್ಟೆಯಾಚೆ ನೂಡಲ್ಸ್ ಬೇಯಿಸುವ ಯಜಮಾನ. ಅವನ ಬೆನ್ನ ಹಿಂದೆ ಒಂದು ಮೆಟ್ಟಿಲು ಹತ್ತಿದರೆ ಚಾಪೆ ಹಾಸಿದ ಕೋಣೆ, ಮೆಟ್ಟಿಲ ಬಳಿ ಮನೆಯವರ ಚಪ್ಪಲಿ.

ಇದಕ್ಕೆ ಪರವಾನಗಿ ಕೊಟ್ಟವರಾರು ಎಂಬುದೇ ನನ್ನ ಮೊದಲ ಪ್ರಶ್ನೆ. ಆಮೇಲೆ ಓದಿಕೊಂಡೆ. ತಗ್ಗು ಮನೆಗಳಿಗೆಂದೇ ಮೀಸಲಾದ, ಅತಿ ಬಿಗಿಯಾದ ವಸತಿ ವಲಯದಲ್ಲೂ ಜಪಾನಿನ ಕಾನೂನು ವಾಸದ ಮನೆಯೊಳಗೆ ಸಣ್ಣ ಊಟದಂಗಡಿಗೆ ಜಾಗ ಬಿಟ್ಟಿದೆ. ಅಂಗಡಿ 50 ಚದರ ಮೀಟರ್ ಮೀರಬಾರದು, ಒಟ್ಟು ಕಟ್ಟಡದ ಅರ್ಧವನ್ನು ಮುಟ್ಟಬಾರದು. ಮನೆಯ ಅಡುಗೆಮನೆ ಬೇರೆ, ಅಂಗಡಿಯದು ಬೇರೆ ಇರಬೇಕು. ಅಷ್ಟೇ. ನಮ್ಮ ಕಚೇರಿಗೆ ಇಂಥ ಅರ್ಜಿ ಬಂದಿದ್ದರೆ ಕಡತ ಎಷ್ಟು ಮೇಜು ಸುತ್ತುತ್ತಿತ್ತೋ!

ಜಪಾನಿನ ಪುರಾತನ ಸಂಪ್ರದಾಯವೆಂದು ಪ್ರವಾಸಿಗರು ಭಾವಿಸುವ ರಾಮೆನ್‌ಗೆ ವಯಸ್ಸು ಹೆಚ್ಚಾಗಿಲ್ಲ. 1859ರಲ್ಲಿ ಯೊಕೊಹಾಮ ಬಂದರು ವಿದೇಶಿಯರಿಗೆ ತೆರೆದ ಮೇಲೆ ಚೀನೀಯರು ತಮ್ಮ ನೂಡಲ್ಸನ್ನೂ ತಂದರು. ಹಿಟ್ಟಿಗೆ ಕ್ಷಾರದ ನೀರು ಬೆರೆಸುವುದರಿಂದ ಅದಕ್ಕೆ ಹಳದಿ ಬಣ್ಣ, ಜಗಿಯುವ ಹದ. 1910ರಲ್ಲಿ ಟೋಕಿಯೋದ ಅಸಾಕುಸದಲ್ಲಿ ಒಜಾಕಿ ಕಾನ್‌ಇಚಿ ಎಂಬ ಮಾಜಿ ಸುಂಕದ ಅಧಿಕಾರಿ ಚೀನೀ ಬಾಣಸಿಗರನ್ನು ಕರೆತಂದು ರೈರೈಕೆನ್ ಎಂಬ ಅಂಗಡಿ ತೆರೆದ. ಕಿತಕತಕ್ಕೆ ರಾಮೆನ್ ಬಂದದ್ದು 1920ರ ದಶಕದಲ್ಲಿ, ತಳ್ಳುಗಾಡಿಯ ಮೇಲೆ. ಚೀನಾದಿಂದ ಕೆಲಸ ಹುಡುಕಿಕೊಂಡು ಬಂದ ತರುಣನೊಬ್ಬ, ಬೇರೆ ದಾರಿ ಕಾಣದೆ ನೂಡಲ್ಸ್ ಮಾರತೊಡಗಿದ. ಅವನು ಮುಂದೆ ಕಟ್ಟಿದ ಗೆನ್‌ರೈಕೆನ್‌ನಿಂದಲೇ ಊರಿನವರು ತಮ್ಮ ರಾಮೆನ್ ವಂಶಾವಳಿ ಎಣಿಸುತ್ತಾರೆ.

ಗಾಡಿಗಳ ನಿಜವಾದ ಕಾಲ ಜಪಾನ್ ಎರಡನೇ ಮಹಾಯುದ್ಧ ಸೋತ ಮೇಲೆ. 1945ರಲ್ಲಿ ಭತ್ತದ ಬೆಳೆ ಕೆಟ್ಟಿತು, ಕೊರಿಯಾ ತೈವಾನ್‌ಗಳ ಅಕ್ಕಿ ನಿಂತಿತು. ಅಮೆರಿಕದ ಗೋಧಿ ಬಂತು, ಕಳ್ಳಸಂತೆಯಲ್ಲಿ ಹಿಟ್ಟು ಓಡಾಡಿತು. 1947ರಲ್ಲಿ ಸರ್ಕಾರ ಹೋಟೆಲುಗಳನ್ನು ಮುಚ್ಚಿಸಲು ಆದೇಶ ಹೊರಡಿಸಿದರೂ ಗಾಡಿಗಳ ಒಲೆ ಆರಲಿಲ್ಲ. ಮಂಚೂರಿಯಾದಿಂದ ಬರಿಗೈಲಿ ಮರಳಿದವರು, ಕೆಲಸ ಕಳೆದುಕೊಂಡವರು ಗಾಡಿ ಬಾಡಿಗೆಗೆ ಹಿಡಿದು, ಓಲಗದ ಜಾತಿಯ ಚಾರುಮೆರಾ ಊದುತ್ತ ರಾತ್ರಿ ಬೀದಿ ಸುತ್ತಿದರು. ನಾಲ್ಕು ಕಾಸು ಕೂಡಿದಾಗ ಗಾಡಿ ಬಿಟ್ಟು ಮನೆಯ ಮುಂದಿನ ಕೋಣೆಗೆ ಒಲೆ ತಂದವರು ಅನೇಕರು.

ರಾಮೆನ್ ಅಗ್ಗವಾಗಿ ಉಳಿದ ಗುಟ್ಟು ಈ ಕೋಣೆಯಲ್ಲಿದೆ ಎನ್ನುವುದು ನನ್ನ ಲೆಕ್ಕ. ಅಂಗಡಿಗೆ ಬೇರೆ ಬಾಡಿಗೆಯಿಲ್ಲ, ಹೆಂಡತಿಗೆ ಸಂಬಳವಿಲ್ಲ. ಎರಡನೆಯದನ್ನು ಯಾವ ಫಲಕದ ಮೇಲೂ ಬರೆಯುವುದಿಲ್ಲ. ನಾವು ತಿನ್ನುತ್ತಿದ್ದಷ್ಟೂ ಹೊತ್ತು ಆ ಮನೆಯಾಕೆ ಬಟ್ಟಲು ತೊಳೆಯುತ್ತಲೇ ಇದ್ದರು.

ಸಾರು ಹಂದಿ ಮೂಳೆ, ಒಣಮೀನು, ಸೋಯಾ ಸಾಸಿನದು. ತಿಳಿ, ಆದರೆ ಗಟ್ಟಿ ರುಚಿ. ನೂಡಲ್ಸ್ ಅಗಲ, ಸುರುಳಿ. ಊರಿನಲ್ಲಿ ಒಳ್ಳೆಯ ನೀರಿದೆ. ಸಾಕೆ, ಮಿಸೊ, ಸೋಯಾ ಸಾಸ್ ತಯಾರಿಕೆ ಹಿಂದಿನಿಂದಲೂ ಇದೆ. ಇಲ್ಲಿನವರು ಬೆಳಗಿನ ತಿಂಡಿಗೂ ರಾಮೆನ್ನೇ ತಿನ್ನುತ್ತಾರೆ. ದಪ್ಪ ಮಣ್ಣಿನ ಗೋಡೆಯ ಹಳೇ ಉಗ್ರಾಣಗಳನ್ನು ನೋಡಲು 1970ರ ದಶಕದಲ್ಲಿ ಬರತೊಡಗಿದ ಪ್ರವಾಸಿಗರಿಂದ ಕಿತಕತ ರಾಮೆನ್ನಿನ ಹೆಸರು ಹೊರಗೂ ಹಬ್ಬಿತು.

ಯೊಕೊಹಾಮದಲ್ಲಿ 1994ರಲ್ಲಿ ತೆರೆದ ರಾಮೆನ್ ಮ್ಯೂಸಿಯಮ್ಮಿನಲ್ಲಿ ಇಂಥ ಅಂಗಡಿಗಳ 1958ರ ಬೀದಿಯನ್ನೇ ನೆಲಮಾಳಿಗೆಯಲ್ಲಿ ಕಟ್ಟಿದ್ದಾರೆ. ಮೊಮೊಫುಕು ಆಂಡೊ ದಿಢೀರ್ ನೂಡಲ್ಸ್ ಮಾರಾಟಕ್ಕೆ ತಂದ ವರ್ಷ ಅದು. ಕೆಲಸ ಅಚ್ಚುಕಟ್ಟು, ಆದರೆ ಅಲ್ಲಿನ ಮಹಡಿಗಳು ಬರೀ ಮುಖವಾಡ, ವಾಸಕ್ಕಲ್ಲ. ಕಿತಕತದ ಯಜಮಾನನನ್ನು ಮಗಳ ಮೂಲಕ ಕೇಳಿದೆ: ನಿಮ್ಮ ನಂತರ ಯಾರು? ಗೊತ್ತಿಲ್ಲವೆಂದು ನಕ್ಕ. ಒಂದು ಬಟ್ಟಲಿಗೆ 1,000 ಯೆನ್ ದಾಟಿಸಿದರೆ ಗಿರಾಕಿಗಳು ಮುಖ ಸಿಂಡರಿಸುತ್ತಾರಂತೆ, ಹಿಟ್ಟು ಮಾತ್ರ ದುಬಾರಿಯಾಗಿದೆಯಂತೆ. ಮುಚ್ಚಿದರೆ ನೊರೆನ್ ತೆಗೆದರಾಯಿತು, ಮುಂದಿನ ಕೋಣೆ ಮತ್ತೆ ಮನೆಯೇ ಎಂದ.