ಶಾಪಾಶಯದ ವಾರಣಾಸಿ, ಪ್ರವಾಸದ ಕಾಶಿ: ಬೊಮ್ಮನಹಾಳ್ ಸೀಮೆಯಿಂದ ಉತ್ತರದ ಕಡೆಗೆ

ಬೊಮ್ಮನಹಾಳ್, ರಾಯದುರ್ಗ, ಮಡಕಶಿರಾ ಸೀಮೆಯ ಕನ್ನಡಿಗರ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಗಡಿರೇಖೆಯಿಂದಲೇ ಆರಂಭಿಸುತ್ತೇವೆ. 1953ರ ಅಕ್ಟೋಬರ್ 1, ಆಂಧ್ರ ರಾಜ್ಯದ ಉದಯ, ಬಳ್ಳಾರಿ ಜಿಲ್ಲೆಯ ವಿಭಜನೆ, ಉಳಿದವರು, ಹೋದವರು ಎಂಬ ಕ್ರಮದಲ್ಲಿ ಕಥನ ಸಾಗುತ್ತದೆ. ಒಂದು ಭಾಷಾಸಮುದಾಯ ಎಲ್ಲಿ ನೆಲೆಸಿತ್ತು ಎಂಬುದನ್ನು ಈ ಕ್ರಮ ತಿಳಿಸುತ್ತದೆ. ಅದು ಎಲ್ಲಿಗೆ ಹೋಗಿಬರುತ್ತಿತ್ತು ಎಂಬುದನ್ನು ತಿಳಿಸುವುದಿಲ್ಲ. ಉತ್ತರ ಭಾರತದ ಪುರಾತನ ನಗರಗಳಿಗೂ ಅಲ್ಲಿನ ಪರ್ವಗಳಿಗೂ ಈ ಸೀಮೆಯ ಜನರು ಬೆಳೆಸಿದ ಯಾತ್ರೆಯನ್ನು ಹಿನ್ನೆಲೆಯಾಗಿಟ್ಟುಕೊಂಡು, ಭಾಷೆ ಮತ್ತು ವಿಳಾಸದ ಸಂಬಂಧ ಹೇಗೆ ಬದಲಾಯಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಉತ್ತರದ ನಗರಗಳು ಈ ನೆಲಕ್ಕೆ ಮೊದಲು ಬಂದದ್ದು ಪ್ರವಾಸಿಗರ ಮಾತಿನಲ್ಲಲ್ಲ, ಕಲ್ಲಿನ ಮೇಲೆ. ಮಡಕಶಿರಾ ಸೀಮೆಯ ಹೇಮಾವತಿಯೇ ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು. ನೊಳಂಬರ ನಾಡೂ ಸೇರಿದಂತೆ ಕನ್ನಡ ದಾನಶಾಸನಗಳ ವಿಶಾಲ ಪರಂಪರೆಯಲ್ಲಿ ಶಾಪಾಶಯವೆಂಬ ಕೊನೆಯ ಭಾಗವೊಂದು ಮತ್ತೆ ಮತ್ತೆ ಬರುತ್ತದೆ. ದತ್ತಿಯನ್ನು ಕೆಡಿಸಿದವನು ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪಕ್ಕೆ ಗುರಿಯಾಗುವನು. ಕಾಪಾಡಿದವನು ಅವನ್ನು ದಾನವಿತ್ತ ಪುಣ್ಯವನ್ನು ಪಡೆಯುವನು. ವಾರಣಾಸಿಯ ಜತೆಗೆ ಕುರುಕ್ಷೇತ್ರ, ಪ್ರಯಾಗಗಳೂ ಹಲವೆಡೆ ಸೇರಿಕೊಳ್ಳುತ್ತವೆ. ಕೆರೆಯ ಕೆಳಗಿನ ಒಂದು ತುಂಡು ಗದ್ದೆಯ ರಕ್ಷಣೆಗೆ ಗಂಗೆಯ ದಡದ ನಗರವೊಂದು ಸಾಕ್ಷಿಯಾಗಿ ನಿಲ್ಲುತ್ತಿತ್ತು. ಅದನ್ನು ಕಂಡವರು ಊರಿನಲ್ಲಿ ಒಬ್ಬರೂ ಇಲ್ಲದಿರಬಹುದು. ಆದರೂ ಆ ಹೆಸರಿಗೆ ಕಾನೂನಿನ ತೂಕವಿತ್ತು. ಕಾಶಿಯು ಇಲ್ಲಿ ನೋಡಬೇಕಾದ ಸ್ಥಳವಾಗುವುದಕ್ಕೆ ಮೊದಲು ನಂಬಿ ನಡೆಯಬೇಕಾದ ಹೆಸರಾಗಿತ್ತು.

ಸಾಹಿತ್ಯದಲ್ಲಿಯೂ ಇದೇ ಬಗೆಯ ಸಾಮೀಪ್ಯ ಕಾಣುತ್ತದೆ. 13ನೆಯ ಶತಮಾನದ ರಾಘವಾಂಕನು ಹಂಪೆಯ ವಿರೂಪಾಕ್ಷನ ಭಕ್ತ. ಅವನ ‘ಹರಿಶ್ಚಂದ್ರಕಾವ್ಯ’ದ ಕೊನೆಯ ಪರೀಕ್ಷೆ ನಡೆಯುವುದು ಕಾಶಿಯ ಸುಡುಗಾಡಿನಲ್ಲಿ, ವಿಶ್ವನಾಥನ ಸನ್ನಿಧಿಯಲ್ಲಿ. ತೆಲುಗಿನಲ್ಲಿ 15ನೆಯ ಶತಮಾನದ ಶ್ರೀನಾಥನು ‘ಕಾಶೀಖಂಡಮು’ ಬರೆದನು. ಒಂದು ಕೃತಿಯಲ್ಲಿ ಕಾಶಿಯು ಮನುಷ್ಯನು ಹೆಂಡತಿ ಮಕ್ಕಳನ್ನು ಮಾರುವ ಪೇಟೆ. ಇನ್ನೊಂದರಲ್ಲಿ ಪುರಾಣವು ವರ್ಣಿಸುವ ಮೋಕ್ಷಪುರಿ. ಎರಡೂ ಭಾಷೆಗಳು ಬೆರೆತ ಬೊಮ್ಮನಹಾಳ್ ಸೀಮೆಯಂಥ ಕಡೆ ಈ ಎರಡು ಕಾಶಿಗಳು ಒಂದೇ ಕಿವಿಗೆ ಬೀಳುವುದು ಸಾಧ್ಯವಿತ್ತು. ತೌಲನಿಕ ಅಧ್ಯಯನವು ಇವನ್ನು ಎರಡು ಸಾಹಿತ್ಯಚರಿತ್ರೆಗಳಲ್ಲಿ ಹಂಚಿಟ್ಟಿದೆ. ಗಡಿಯ ಕೇಳುಗನಿಗೆ ಆ ಹಂಚಿಕೆ ಇರಬೇಕಾದ ಅಗತ್ಯವಿರಲಿಲ್ಲ.

ನಡೆದು ಹೋಗುವ ಕಾಲದಲ್ಲಿ ಯಾತ್ರೆಯ ಅರ್ಥವೇ ಬೇರೆ. ಕಾಶಿಗೆ ಹೋದವನೂ ಕಾಡಿಗೆ ಹೋದವನೂ ಸಮಾನರು ಎಂಬರ್ಥದ ತೆಲುಗು ಗಾದೆಯಲ್ಲಿ ಆ ಭಯವಿದೆ; ಅಲ್ಲಿ ಕಾಡೆಂದರೆ ಸುಡುಗಾಡು. ಮದರಾಸಿನ ಸುಪ್ರೀಂ ಕೋರ್ಟಿನಲ್ಲಿ ದುಭಾಷಿಯಾಗಿದ್ದ ಏನುಗುಲ ವೀರಾಸ್ವಾಮಿಯವರು 1830ರ ಮೇ ತಿಂಗಳಿನಲ್ಲಿ ದೊಡ್ಡ ಪರಿವಾರದೊಡನೆ ಹೊರಟು 1831ರ ಸೆಪ್ಟೆಂಬರಿನಲ್ಲಿ ಹಿಂದಿರುಗಿದರು. ಅವರ ‘ಕಾಶೀಯಾತ್ರಾ ಚರಿತ್ರ’ 1838ರಲ್ಲಿ ಅಚ್ಚಾಯಿತು. ಅನುಕೂಲವಂತರಿಗೇ ಹದಿನೈದು ತಿಂಗಳು ಮೀರಿದ ದಾರಿ ಅದು. ಸಾಮಾನ್ಯ ರೈತನ ಪಾಲಿಗೆ ಎಂಥದಾಗಿದ್ದೀತೆಂದು ಊಹಿಸಬಹುದು.

ಈ ಚಿತ್ರವನ್ನು ಬದಲಿಸಿದ್ದು ರೈಲು. 1870ರಲ್ಲಿ ಜಬಲ್ಪುರದಲ್ಲಿ ಮುಂಬಯಿ ಮತ್ತು ಅಲಹಾಬಾದ್ ಕಡೆಯ ಹಳಿಗಳು ಕೂಡಿದವು. 1871ರಲ್ಲಿ ಮದರಾಸು ಮತ್ತು ಮುಂಬಯಿಯ ಹಳಿಗಳು ರಾಯಚೂರಿನಲ್ಲಿ ಕೂಡಿದವು. ಈ ಎರಡು ಕೂಡುವಿಕೆಗಳ ಫಲವಾಗಿ ಗುಂತಕಲ್ಲಿನಿಂದ ಪ್ರಯಾಗದವರೆಗೆ ಹಳಿಯ ಮೇಲೆಯೇ ಹೋಗುವುದು ಸಾಧ್ಯವಾಯಿತು. 1887ರಲ್ಲಿ ಗಂಗೆಗೆ ಡಫರಿನ್ ಸೇತುವೆಯಾದ ಬಳಿಕ ರೈಲು ಹೊಳೆಯನ್ನು ದಾಟಿ ಕಾಶಿಯೊಳಕ್ಕೇ ಬಂದಿತು. ತಿಂಗಳುಗಳ ದಾರಿ ದಿನಗಳಿಗೆ ಇಳಿಯಿತು. ಕಾಶಿ, ಪ್ರಯಾಗ, ಗಯೆಗಳ ತ್ರಿಸ್ಥಳಿಯ ಜತೆಗೆ ಆಗ್ರಾ, ದಿಲ್ಲಿ, ಮಥುರೆಗಳನ್ನೂ ಅದೇ ಪಯಣದಲ್ಲಿ ನೋಡಿಬರುವುದು ಕ್ರಮೇಣ ರೂಢಿಯಾಯಿತು. ಯಾತ್ರೆ ಪ್ರವಾಸವಾಗತೊಡಗಿದ್ದು ಭಕ್ತಿ ಕಡಿಮೆಯಾದುದರಿಂದಲ್ಲ. ಹಿಂದಿರುಗಿ ಬರುವ ಭರವಸೆ ಹೆಚ್ಚಿದುದರಿಂದ.

ಉತ್ತರದಲ್ಲಿ ಕನ್ನಡಿಗ ಯಾತ್ರಿಕನು ಪೂರ್ಣ ಅಪರಿಚಿತನಾಗಿರಲಿಲ್ಲ. ಕಾಶಿಯ ಜಂಗಮವಾಡಿ ಮಠವು ವೀರಶೈವರ ಪಂಚಪೀಠಗಳಲ್ಲೊಂದು. ಅಕ್ಬರನಿಂದ ಔರಂಗಜೇಬನವರೆಗಿನ ಮೊಗಲ್ ದೊರೆಗಳ ಫರ್ಮಾನುಗಳು ಅದಕ್ಕೆ ಸಂದಿವೆ. ಅಗಲಿದವರ ಹೆಸರಿನಲ್ಲಿ ಪಿಂಡಪ್ರದಾನದ ಬದಲು ಲಿಂಗವನ್ನು ಸ್ಥಾಪಿಸುವ ಪದ್ಧತಿಯಿಂದಾಗಿ ಮಠದ ಆವರಣವೆಲ್ಲ ಲಿಂಗಗಳಿಂದ ತುಂಬಿದೆ. ಗಯೆಗೆ ಹೋಗಿ ಪಿಂಡವಿಡುವ ಕುಟುಂಬವೂ ಜಂಗಮವಾಡಿಯಲ್ಲಿ ಲಿಂಗವಿಡುವ ಕುಟುಂಬವೂ ಒಂದೇ ಊರಿನಿಂದ ಹೊರಟು ಒಂದೇ ರೈಲಿನಲ್ಲಿ ಬರಬಹುದು. ಕೇದಾರನಾಥದ ರಾವಲರು ಕರ್ನಾಟಕ ಮೂಲದ ವೀರಶೈವರು. ಚಳಿಗಾಲದ ಪೂಜೆ ನಡೆಯುವ ಊಖೀಮಠದಲ್ಲಿ ಶಿವರಾತ್ರಿಯ ದಿನ ದೇವಾಲಯದ ಬಾಗಿಲು ತೆರೆಯುವ ಮುಹೂರ್ತವನ್ನು ಸಾರಲಾಗುತ್ತದೆ. ಇದೇ ಪರಂಪರೆಯ ಇನ್ನೊಂದು ಪೀಠವಾದ ಉಜ್ಜಯಿನಿಯು ಮಾಳವದ ನಗರದ ಹೆಸರನ್ನು ಹೊತ್ತು ಹಳೆಯ ಬಳ್ಳಾರಿ ಜಿಲ್ಲೆಯಲ್ಲಿಯೇ ನೆಲೆಸಿದೆ. ಉತ್ತರಕ್ಕೆ ಹೋಗಲಾಗದವರಿಗೆ ಉತ್ತರವೇ ಹೆಸರಾಗಿ ಹತ್ತಿರ ಬಂದಂತಾಗಿದೆ.

ಕಾಶಿಯ ಘಾಟುಗಳ ಸಾಲಿನಲ್ಲಿ ಹರಿಶ್ಚಂದ್ರ ಘಾಟಿನ ಒಂದು ಬದಿಗೆ ಮೈಸೂರು ಘಾಟ್ ಇದೆ. ಈಗ ಅದನ್ನು ಕರ್ನಾಟಕ ಘಾಟ್ ಎನ್ನುತ್ತಾರೆ. ಇನ್ನೊಂದು ಬದಿಗೆ ಸ್ವಲ್ಪ ದೂರದಲ್ಲಿ ವಿಜಯನಗರಂ ಘಾಟ್. ಹಂಪೆಯ ನೆರೆಯಿಂದ ಬಂದವನು ಆ ಹೆಸರನ್ನು ಕೇಳಿ ಹಿಗ್ಗುವುದು ಸಹಜ. ಆದರೆ ಅದು ತೆಲುಗು ನಾಡಿನ ವಿಜಯನಗರಂ ಸಂಸ್ಥಾನದ್ದು. ಎರಡು ಘಾಟುಗಳ ನಡುವೆ ಹೆಣ ಸುಡುವ ನೆಲ. ಬೊಮ್ಮನಹಾಳಿನ ಯಾತ್ರಿಕನು ಯಾವ ಮೆಟ್ಟಿಲಿನಲ್ಲಿ ಇಳಿದರೂ ಗಂಗೆ ಒಂದೇ.

ಹಬ್ಬಗಳ ವಿಷಯದಲ್ಲಿ ಮಾತ್ರ ಅವನು ದಕ್ಷಿಣದವನೆಂಬುದು ಸ್ಪಷ್ಟವಾಗುತ್ತದೆ. ನಮ್ಮದು ಅಮಾವಾಸ್ಯೆಗೆ ಮುಗಿಯುವ ತಿಂಗಳು. ಅಲ್ಲಿಯದು ಹುಣ್ಣಿಮೆಗೆ ಮುಗಿಯುವ ತಿಂಗಳು. ನಮಗೆ ಮಾಘ ಬಹುಳ ಚತುರ್ದಶಿಯಾದ ಮಹಾಶಿವರಾತ್ರಿ ಅವರಿಗೆ ಫಾಲ್ಗುಣದ್ದು. ರಾತ್ರಿ ಮಾತ್ರ ಒಂದೇ. ಶ್ರಾವಣ ಸೋಮವಾರಕ್ಕೆಂದು ನಮ್ಮ ಪಂಚಾಂಗ ನೋಡಿ ಹೊರಟವನು ಕಾಶಿ ತಲುಪುವಾಗ ಅಲ್ಲಿನ ಶ್ರಾವಣ ಅರ್ಧ ಕಳೆದಿರುತ್ತದೆ. ಕಾರ್ತಿಕ ಹುಣ್ಣಿಮೆಯ ದೇವದೀಪಾವಳಿಯಲ್ಲಿ ಘಾಟುಗಳೆಲ್ಲ ಹಣತೆಗಳಿಂದ ಬೆಳಗಿದರೆ ಅವರ ಕಾರ್ತಿಕ ಮುಗಿಯಿತು. ನಮಗೆ ದೀಪ ಹಚ್ಚುವ ಹದಿನೈದು ದಿನ ಇನ್ನೂ ಬಾಕಿ. ಗಮನಿಸಬೇಕಾದದ್ದೆಂದರೆ, ಈ ಲೆಕ್ಕದಲ್ಲಿ ಕನ್ನಡ ಮತ್ತು ತೆಲುಗು ಪಂಚಾಂಗಗಳು ಒಂದೇ ಕಡೆ ನಿಲ್ಲುತ್ತವೆ. ಊರಿನಲ್ಲಿ ಭಾಷೆಯಿಂದ ಬೇರೆಯೆನಿಸಿದ ನೆರೆಯವರು ಗಂಗೆಯ ದಡದಲ್ಲಿ ತಿಥಿಯಿಂದ ಒಂದಾಗುತ್ತಾರೆ.

ಇಷ್ಟು ದೀರ್ಘ ಕಾಲ ಈ ಯಾತ್ರೆಗೆ ರಾಜ್ಯದ ವಿಳಾಸ ಬೇಕಾಗಿರಲಿಲ್ಲ. 1882ರಲ್ಲಿ ಬಳ್ಳಾರಿಯಿಂದ ಅನಂತಪುರ ಜಿಲ್ಲೆ ಬೇರ್ಪಟ್ಟಾಗ ಮಡಕಶಿರಾ ಅದಕ್ಕೆ ಸೇರಿತು. 1953ರಲ್ಲಿ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸಂದವು. ಆಗಲೂ ಕಾಶಿಯ ದಾರಿ ಬದಲಾಗಲಿಲ್ಲ. ಬದಲಾವಣೆ ಕಂಡದ್ದು ಯಾತ್ರೆಯು ಸರ್ಕಾರಿ ಯೋಜನೆಯಾದಾಗ. 2022ರ ನವೆಂಬರ್ 11ರಂದು ಬೆಂಗಳೂರಿನಿಂದ ‘ಭಾರತ್ ಗೌರವ್ ಕಾಶಿ ದರ್ಶನ’ ರೈಲು ಹೊರಟಿತು. ಎಂಟು ದಿನಗಳಲ್ಲಿ ಕಾಶಿ, ಅಯೋಧ್ಯೆ, ಪ್ರಯಾಗಗಳ ದರ್ಶನ. 20,000 ರೂಪಾಯಿಯ ವೆಚ್ಚದಲ್ಲಿ 5,000 ರೂಪಾಯಿಯನ್ನು ಆರಂಭದಲ್ಲಿ ಕರ್ನಾಟಕ ಸರ್ಕಾರವು ಸಹಾಯಧನವಾಗಿ ಭರಿಸಿತು. ಸಹಾಯಧನ ಕರ್ನಾಟಕದ ನಿವಾಸಿಗಳಿಗೆ. ತನ್ನ ನಿವಾಸಿಗಳಿಗಾಗಿ ರಾಜ್ಯವು ಖರ್ಚು ಮಾಡುವುದು ನ್ಯಾಯವೇ ಸರಿ. ಆದರೆ ಬೊಮ್ಮನಹಾಳಿನ ಕನ್ನಡಿಗನಿಗೂ ಬಳ್ಳಾರಿಯಲ್ಲಿರುವ ಅವನ ಅಕ್ಕನಿಗೂ ನಡುವೆ ಈ ಕಾರಣದಿಂದ ಬೀಳುವ ಅಂತರ ಭಾಷೆಯದಲ್ಲ, ಭಕ್ತಿಯದಲ್ಲ, ದೂರದ್ದೂ ಅಲ್ಲ, ಪಡಿತರ ಚೀಟಿಯದು.

ಅಲ್ಪಸಂಖ್ಯಾತ ಭಾಷಿಕರ ಹಕ್ಕುಗಳ ಚರ್ಚೆ ಶಾಲೆ, ಪಠ್ಯಪುಸ್ತಕ, ಉದ್ಯೋಗಗಳಿಗೆ ಸೀಮಿತವಾಗಿರುವುದಕ್ಕೆ ಕಾರಣಗಳಿವೆ; ಅವು ತುರ್ತಿನ ಸಂಗತಿಗಳು. ಆದರೆ ಸಮುದಾಯವೊಂದು ಜಗತ್ತನ್ನು ಕಂಡ ಬಗೆಯೂ ಭಾಷೆಯ ಆಸ್ತಿಯೇ. ಗಂಗಾಸಮಾರಾಧನೆಯ ಕರೆಯೋಲೆಗಳು, ಖರ್ಚಿನ ಲೆಕ್ಕ ಬರೆದ ಪುಸ್ತಕಗಳು, ಕಾಶಿಯಿಂದ ಬಂದ ಕಾಗದಗಳು, ಕಾಶಿಯಲ್ಲಿ ಬಿಟ್ಟ ಹಣ್ಣು ಯಾವುದೆಂಬ ಮನೆಮಾತಿನ ನೆನಪುಗಳು ಈ ಚರಿತ್ರೆಯ ಆಕರಗಳು. ಅವು ಇರುವುದು ಪತ್ರಾಗಾರಗಳಲ್ಲಲ್ಲ, ದೇವರಕೋಣೆಯ ಪೆಟ್ಟಿಗೆಗಳಲ್ಲಿ, ಗಂಗಾಜಲದ ತಾಮ್ರದ ತಾಲಿಯ ಪಕ್ಕದಲ್ಲಿ. ಬರೆದವರ ಮೊಮ್ಮಕ್ಕಳು ತೆಲುಗಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಓದುತ್ತಿರುವಾಗ, ಕನ್ನಡದಲ್ಲಿ ಬರೆದ ಹಾಳೆ ಮೊದಲು ಓದಲಾಗದ್ದಾಗುತ್ತದೆ, ಆಮೇಲೆ ಬೇಡವಾದದ್ದಾಗುತ್ತದೆ. ಗಡಿಯ ಎರಡೂ ಕಡೆಯ ಸಂಶೋಧಕರು ಕೂಡಿ ಈ ಆಕರಗಳನ್ನು ಸಂಗ್ರಹಿಸಿ, ಕನ್ನಡ ತೆಲುಗುಗಳೆರಡರಲ್ಲಿಯೂ ಪ್ರಕಟಿಸುವುದು ಈಗ ಆಗಬೇಕಾದ ಕೆಲಸ. ಒಂದು ಕಾಲಕ್ಕೆ ವಾರಣಾಸಿಯ ಹೆಸರು ಇಲ್ಲಿನ ಗದ್ದೆಯನ್ನು ಕಾಯುತ್ತಿತ್ತು. ವಾರಣಾಸಿಯನ್ನು ಕಂಡುಬಂದವರ ಮಾತನ್ನು ಕಾಯುವ ಹೊಣೆ ಈಗ ಇಲ್ಲಿಯವರದು.